ಒಂದೇ ರಾಟೆಯಿಂದ ಭಾರ ಇಳಿಯುತ್ತದೆಯೇ? ಓದುಗರ ಪ್ರಶ್ನೆಗಳಿಗೆ ಉತ್ತರ

ಸರಳ ಯಂತ್ರಗಳ ಕುರಿತು ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳ ಓದುಗರು ಬರೆದ ಪತ್ರಗಳಿಂದ ಈ ಬಾರಿಯ ಪ್ರಶ್ನೆಗಳನ್ನು ಆಯ್ದುಕೊಳ್ಳಲಾಗಿದೆ. ಒಂದೇ ಸಂಗತಿಯನ್ನು ಕೇಳಿದ್ದ ಪತ್ರಗಳನ್ನು ಒಟ್ಟುಗೂಡಿಸಲಾಗಿದೆ.

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಸರಳ ಯಂತ್ರಗಳು ಕೆಲಸವನ್ನು ಸುಲಭಗೊಳಿಸುತ್ತವೆ ಎಂದು ಒಂದು ಪಾಠದಲ್ಲಿ ಹೇಳಿ, ಯಾವ ಯಂತ್ರವೂ ಕೆಲಸವನ್ನು ಕಡಿಮೆ ಮಾಡಲಾರದು ಎಂದು ಇನ್ನೊಂದು ಪಾಠದಲ್ಲಿ ಹೇಳಬೇಕಾಗುತ್ತದೆ. ಬಾವಿಯ ರಾಟೆಯ ಉದಾಹರಣೆ ಕೊಟ್ಟಾಗ ವಿದ್ಯಾರ್ಥಿನಿಯೊಬ್ಬಳು, "ಒಂದು ರಾಟೆಯಿಂದ ಭಾರ ಇಳಿಯುವುದಿಲ್ಲವಾದರೆ ಅದನ್ನು ಹಾಕುವುದು ಯಾಕೆ ಟೀಚರ್?" ಎಂದು ಕೇಳಿದಳು. ಅವಳಿಗೆ ಏನು ಹೇಳಲಿ?
— ಶಿಕ್ಷಕಿ, ಉಡುಪಿ

ಉತ್ತರ: ಅವಳ ಆಕ್ಷೇಪ ಸರಿಯಾದದ್ದೇ. ಪಠ್ಯಪುಸ್ತಕಗಳು ಸಾಮಾನ್ಯವಾಗಿ ಈ ಪ್ರಶ್ನೆಯನ್ನು ಮುಟ್ಟದೆ ಮುಂದಕ್ಕೆ ಹೋಗಿಬಿಡುತ್ತವೆ.

ಲೆಕ್ಕದಿಂದಲೇ ಆರಂಭಿಸೋಣ. ನೀರು ತುಂಬಿದ ಕೊಡಪಾನದ ತೂಕ 12 ಕಿಲೋ, ನೀರಿನ ಮಟ್ಟದಿಂದ ಬಾವಿಕಟ್ಟೆಯವರೆಗಿನ ಎತ್ತರ 10 ಮೀಟರ್ ಎಂದಿಟ್ಟುಕೊಂಡರೆ, ಅದನ್ನು ಮೇಲಕ್ಕೆ ತರಲು ಆಗಲೇಬೇಕಾದ ಕೆಲಸ ಸುಮಾರು 1,176 ಜೂಲ್ (ಜೂಲ್ ಎಂದರೆ ಕೆಲಸವನ್ನು ಅಳೆಯುವ ಮಾನ). ರಾಟೆ ಇದ್ದರೂ ಇಲ್ಲದಿದ್ದರೂ ಈ ಅಂಕಿ ಬದಲಾಗುವುದಿಲ್ಲ. ಮೇಲೆ ಕಟ್ಟಿದ ಒಂಟಿ ರಾಟೆಯಲ್ಲಿ ನಾವು ಹಾಕಬೇಕಾದ ಬಲವೂ ಕೊಡಪಾನದ ತೂಕದಷ್ಟೇ ಇರುತ್ತದೆ, ಅಚ್ಚಿನ ಘರ್ಷಣೆಯಿಂದಾಗಿ ವಾಸ್ತವದಲ್ಲಿ ತುಸು ಹೆಚ್ಚೇ ಆಗುತ್ತದೆ. ಹಾಗಿದ್ದರೂ ರಾಟೆಯಿಲ್ಲದ ಬಾವಿಯಿಂದ ನೀರು ಸೇದಿದವರು ಯಾರೂ ಅದು ನಿಷ್ಪ್ರಯೋಜಕ ಎನ್ನುವುದಿಲ್ಲ. ಕಟ್ಟೆಯ ಮೇಲೆ ಬಗ್ಗಿ ಹಗ್ಗವನ್ನು ಮೇಲಕ್ಕೆ ಎಳೆಯುವಾಗ ಇಡೀ ಭಾರ ತೋಳು ಮತ್ತು ಸೊಂಟದ ಸ್ನಾಯುಗಳ ಮೇಲೆ ಬೀಳುತ್ತದೆ. ರಾಟೆಯ ಮೇಲಿಂದ ಬಂದ ಹಗ್ಗವನ್ನು ಕೆಳಕ್ಕೆ ಜಗ್ಗುವಾಗ ನೆಟ್ಟಗೆ ನಿಂತವಳ ಮೈಭಾರವೇ ಹಗ್ಗದ ಮೇಲೆ ಬರುತ್ತದೆ. ಬಲದ ಪ್ರಮಾಣ ಬದಲಾಗಲಿಲ್ಲ, ದಿಕ್ಕು ಬದಲಾಯಿತು, ಮತ್ತು ಆ ದಿಕ್ಕಿನಲ್ಲಿ ನಮ್ಮ ಶರೀರಕ್ಕೆ ಹೆಚ್ಚು ಅನುಕೂಲವಿದೆ. ಇದಕ್ಕೆ ಮಿತಿಯೂ ಇದೆ: 50 ಕಿಲೋ ತೂಗುವವರು ನೆಲಕ್ಕೆ ಅಂಟಿ ನಿಲ್ಲದೆ ಒಂಟಿ ರಾಟೆಯಲ್ಲಿ 50 ಕಿಲೋಗಿಂತ ಹೆಚ್ಚಿನದನ್ನು ಎತ್ತಲು ಹೋದರೆ ತಾವೇ ಮೇಲಕ್ಕೆ ಹೋಗುತ್ತಾರೆ.

ರಾಟೆಯ ಇನ್ನೊಂದು ಉಪಕಾರ ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ತಿರುಗುವ ಗಾಲಿಯ ಬದಲು ಬಾವಿಗೆ ಅಡ್ಡಲಾಗಿ ಹಾಕಿದ ಮರದ ಕಾಂಡದ ಮೇಲಿಂದ ಹಗ್ಗವನ್ನು ಹಾಯಿಸಿ ಕೆಳಕ್ಕೆ ಎಳೆದರೆ, ಹಗ್ಗ ಮರಕ್ಕೆ ಉಜ್ಜುತ್ತದೆ. ಹಗ್ಗ ಮತ್ತು ಮರದ ನಡುವಿನ ಘರ್ಷಣೆಯ ಗುಣಾಂಕವನ್ನು, ಅಂದರೆ ಅವು ಒಂದನ್ನೊಂದು ಎಷ್ಟು ಬಿಗಿಯಾಗಿ ಹಿಡಿಯುತ್ತವೆ ಎಂಬುದರ ಅಳತೆಯನ್ನು, 0.3 ಎಂದು ಹಿಡಿದರೆ, ಅರ್ಧ ಸುತ್ತು ಹಾಯ್ದ ಹಗ್ಗವನ್ನು ಎಳೆಯಲು ಹೊರೆಯ ಎರಡೂವರೆ ಪಟ್ಟಿಗೂ ಮೀರಿದ ಬಲ ಬೇಕಾಗುತ್ತದೆ. 12 ಕಿಲೋ ಕೊಡಪಾನ ಕೈಗೆ 31 ಕಿಲೋ ಆಗಿ ಬರುತ್ತದೆ. ಒಂಟಿ ರಾಟೆಯ ನಿಜವಾದ ಉಳಿತಾಯವನ್ನು ಬರಿಗೈಯ ಎಳೆತದೊಡನೆ ಹೋಲಿಸಿ ನೋಡುವುದಕ್ಕಿಂತ ಈ ಕಾಂಡದೊಡನೆ ಹೋಲಿಸಿ ನೋಡುವುದೇ ನ್ಯಾಯ ಎಂದು ನನಗೆ ತೋರುತ್ತದೆ.

ಬಲವನ್ನೇ ಇಳಿಸಬೇಕಾದರೆ ಹೊರೆಯೊಂದಿಗೆ ತಾನೂ ಮೇಲೇರುವ ಚಲಿಸುವ ರಾಟೆ ಬೇಕು. ಆಗ ಹೊರೆಯನ್ನು ಹಗ್ಗದ ಎರಡು ಎಳೆಗಳು ಹಂಚಿಕೊಳ್ಳುವುದರಿಂದ 6 ಕಿಲೋ ಬಲ ಸಾಕಾಗುತ್ತದೆ, ಆದರೆ 10 ಮೀಟರ್ ಏರಿಸಲು 20 ಮೀಟರ್ ಹಗ್ಗ ಎಳೆಯಬೇಕು. ಗುಣಿಸಿ ನೋಡಿದರೆ ಮೊದಲಿನ ಅಂಕಿಯೇ ಬರುತ್ತದೆ. ಬಾವಿಯಲ್ಲಿ ಯಾರೂ ಹೀಗೆ ಮಾಡುವುದಿಲ್ಲ, ಮಾಡುವುದು ಜಾಣತನವೂ ಅಲ್ಲ, ಏಕೆಂದರೆ 12 ಕಿಲೋ ನಮ್ಮ ಶಕ್ತಿಯೊಳಗೇ ಇದೆ. ಲಾರಿಯ ಎಂಜಿನ್ ಇಳಿಸುವ ಗ್ಯಾರೇಜಿನಲ್ಲಿ ಪರಿಸ್ಥಿತಿ ಬೇರೆ. 400 ಕಿಲೋ ಎಂಜಿನನ್ನು ಒಬ್ಬನು ಒಂದು ಕೂದಲೆಳೆಯಷ್ಟೂ ಎತ್ತಲಾರ. ಅದೇ ಮನುಷ್ಯ ಚೈನ್ ಪುಲ್ಲಿಯಲ್ಲಿ 20 ಕಿಲೋ ಬಲ ಹಾಕಿ, ಘರ್ಷಣೆಯ ನಷ್ಟವೇ ಇಲ್ಲವೆಂದರೂ 20 ಮೀಟರ್ ಸರಪಳಿಯನ್ನು ಜಗ್ಗಿ, ಅದನ್ನು ಒಂದು ಮೀಟರ್ ಮೇಲಕ್ಕೆ ತರುತ್ತಾನೆ. ನಷ್ಟವನ್ನು ಸೇರಿಸಿದರೆ ಅವನು ಮಾಡುವ ಒಟ್ಟು ಕೆಲಸ ಬರಿಗೈಯಲ್ಲಿ ಎತ್ತುವುದಕ್ಕಿಂತ ಹೆಚ್ಚಾಯಿತು. ಆದರೆ ಬರಿಗೈಯಲ್ಲಿ ಅದು ಆಗುತ್ತಲೇ ಇರಲಿಲ್ಲ. ಮನುಷ್ಯನ ಸ್ನಾಯು ಹಾಕಬಲ್ಲ ಬಲಕ್ಕೆ ಕಟ್ಟುನಿಟ್ಟಾದ ಮೇಲ್ಮಿತಿಯಿದೆ, ಅದೇ ಸ್ನಾಯು ಸಣ್ಣ ಬಲದಿಂದ ಬಹಳ ದೂರದವರೆಗೆ ಎಳೆಯುತ್ತಿರಬಲ್ಲದು. ಸರಳ ಯಂತ್ರ ನಮಗೆ ಮಾಡಿಕೊಡುವುದು ಈ ವಿನಿಮಯವನ್ನು.

ಮಕ್ಕಳಿಗೆ ಇನ್ನೂ ಒಂದು ಸಂಗತಿಯನ್ನು ತಿಳಿಸಿಕೊಡಬಹುದು. ತುಂಬಿದ ಕೊಡಪಾನವನ್ನು ಅಲುಗಾಡದಂತೆ ತೋಳು ಚಾಚಿ ಹಿಡಿದು ನಿಂತರೆ ಭೌತಶಾಸ್ತ್ರದ ಪ್ರಕಾರ ಕೊಡಪಾನದ ಮೇಲೆ ನಡೆಯುವ ಕೆಲಸ ಸೊನ್ನೆ, ಆದರೂ ಕೆಲವೇ ನಿಮಿಷಗಳಲ್ಲಿ ಕೈ ನಡುಗುತ್ತದೆ. ಬಿಗಿಯಾಗಿರಲು ಸ್ನಾಯುವಿನ ನಾರುಗಳು ಒಂದೇ ಸಮನೆ ಶಕ್ತಿಯನ್ನು ಖರ್ಚು ಮಾಡುತ್ತಿರುತ್ತವೆ. ಆಯಾಸವೂ ಜೂಲ್ ಲೆಕ್ಕವೂ ಒಂದೇ ಅಲ್ಲ. ಹೊರೆಯನ್ನು ಎತ್ತುವುದರ ಜೊತೆಗೆ ಎತ್ತಿದಲ್ಲೇ ಹಿಡಿದು ನಿಲ್ಲಿಸುವ ಯಂತ್ರಗಳೂ ಇವೆ. ಮುಂದಿನ ಎರಡು ಪ್ರಶ್ನೆಗಳು ಅವುಗಳಿಗೇ ಸಂಬಂಧಿಸಿವೆ.

ಪ್ರಶ್ನೆ: ನಮ್ಮ ಅಜ್ಜಿಯ ಕಾಲದ ಸೇಮಿಗೆ ಒತ್ತುವ ಮಣೆಗೆ ಉದ್ದನೆಯ ಮರದ ತೋಳಿತ್ತು, ಅದನ್ನು ಅದುಮಲು ದೊಡ್ಡವರೇ ಬೇಕಿತ್ತು. ಈಗ ಮೂರು ಕಾಲಿನ, ಮೇಲೆ ಹಿಡಿ ತಿರುಗಿಸುವ ಮಣೆ ಇದೆ. ಅದನ್ನು ಹನ್ನೆರಡು ವರ್ಷದ ಮಗಳೂ ತಿರುಗಿಸುತ್ತಾಳೆ, ಆದರೆ ಕಾಲುಗಳನ್ನು ಗಟ್ಟಿಯಾಗಿ ಹಿಡಿದುಕೊಳ್ಳಲು ಇನ್ನೊಬ್ಬರು ಬೇಕು. ಈ ವ್ಯತ್ಯಾಸ ಯಾಕೆ?
— ಗೃಹಿಣಿ, ಮಂಗಳೂರು

ಉತ್ತರ: ಹಳೆಯದು ಸನ್ನೆ, ಹೊಸದು ತಿರುಪು. ಸನ್ನೆಯ ಮಣೆಯಲ್ಲಿ ತೋಳಿನ ಒಂದು ತುದಿ ತಿರುಗಣೆಗೆ ಸಿಕ್ಕಿಸಿರುತ್ತದೆ, ಅದರ ಹತ್ತಿರವೇ ಹಿಟ್ಟಿನ ಉಂಡೆಯನ್ನು ಒತ್ತುವ ಕೊರಡು ಇರುತ್ತದೆ, ನಾವು ಅದುಮುವುದು ದೂರದ ತುದಿಯನ್ನು. ತಿರುಗಣೆಯಿಂದ ಕೊರಡಿಗೆ 20 ಸೆಂಟಿಮೀಟರ್, ಕೈಯಿಡುವ ಜಾಗಕ್ಕೆ 120 ಸೆಂಟಿಮೀಟರ್ ಇದ್ದರೆ ಬಲ ಆರು ಪಟ್ಟಾಗುತ್ತದೆ. ಹಿಟ್ಟಿಗೆ 200 ಕಿಲೋದಷ್ಟು ಒತ್ತಡದ ಬಲ ಬೇಕೆಂದು ಊಹಿಸಿದರೆ, ತೋಳಿನ ತುದಿಯಲ್ಲಿ 33 ಕಿಲೋ ಹಾಕಬೇಕು. ಅದು ಮಗುವಿನ ಕೈಯಲ್ಲಿ ಆಗುವ ಮಾತಲ್ಲ.

ತಿರುಪು ಎಂದರೆ ಕಂಬಕ್ಕೆ ಸುತ್ತಿದ ಇಳಿಜಾರು. ಹಿಡಿಯ ಉದ್ದ 25 ಸೆಂಟಿಮೀಟರ್ ಇದ್ದರೆ ಒಂದು ಸುತ್ತಿಗೆ ಕೈ ಸುಮಾರು 157 ಸೆಂಟಿಮೀಟರ್ ಸಾಗುತ್ತದೆ, ಅಷ್ಟರಲ್ಲಿ ತಿರುಪು ಇಳಿಯುವುದು, ಅದರ ಎರಡು ಸುತ್ತುಗಳ ಅಂತರ ಒಂದು ಸೆಂಟಿಮೀಟರ್ ಆಗಿದ್ದರೆ, ಕೇವಲ ಒಂದು ಸೆಂಟಿಮೀಟರ್. ಘರ್ಷಣೆಯೇ ಇಲ್ಲದಿದ್ದರೆ ಬಲ 157 ಪಟ್ಟಾಗಬೇಕಿತ್ತು. ಮುಕ್ಕಾಲು ಪಾಲು ಘರ್ಷಣೆಗೆ ಹೋಯಿತೆಂದರೂ ಸುಮಾರು 40 ಪಟ್ಟು ಉಳಿಯುತ್ತದೆ, ಆದ್ದರಿಂದ ನಿಮ್ಮ ಮಗಳು 5 ಕಿಲೋ ಬಲ ಹಾಕಿದರೆ ಸಾಕು. ಅದಕ್ಕೆ ಪ್ರತಿಯಾಗಿ ಅವಳು ಸುತ್ತುತ್ತಲೇ ಇರಬೇಕು, ಮತ್ತು ಆವಿಯಲ್ಲಿ ಬೆಂದ ಉಂಡೆ ತಣಿದರೆ ಗಟ್ಟಿಯಾಗುವುದರಿಂದ ಬೇಗ ಬೇಗ ಸುತ್ತಬೇಕು.

ಕಾಲು ಹಿಡಿಯಬೇಕಾಗಿ ಬರುವುದು ತಿರುಪಿನ ಸ್ವಭಾವದಿಂದಲೇ. ಹಿಡಿಯನ್ನು ಒಂದು ಕಡೆಗೆ ತಿರುಗಿಸಿದರೆ ಇಡೀ ಮಣೆಯೂ ಅದರೊಂದಿಗೆ ಅದೇ ಕಡೆಗೆ ತಿರುಗಲು ಹೊರಡುತ್ತದೆ, ಅದನ್ನು ಯಾರಾದರೂ ತಡೆಯದಿದ್ದರೆ ಉಂಡೆಯ ಮೇಲೆ ಒತ್ತಡವೇ ಬೀಳುವುದಿಲ್ಲ. ಸನ್ನೆಯ ಮಣೆಯಲ್ಲಿ ಈ ತಿರುಚು ಬಲವಿಲ್ಲ.

ಘರ್ಷಣೆಯನ್ನು ಇಲ್ಲಿ ಬರೀ ನಷ್ಟವೆಂದು ಬೈಯುವ ಹಾಗೂ ಇಲ್ಲ. ಕೈಬಿಟ್ಟರೂ ತಿರುಪು ಹಿಂದಕ್ಕೆ ತಿರುಗದೆ ನಿಲ್ಲುವುದು ಅದರಿಂದಲೇ. ಹೊರೆ ಹೊತ್ತಾಗಲೂ ತಾನಾಗಿ ಜಾರಿ ಬರದ ತಿರುಪಿನ ದಕ್ಷತೆ, ಅಂದರೆ ನಾವು ಮಾಡಿದ ಕೆಲಸದಲ್ಲಿ ಉಪಯೋಗಕ್ಕೆ ಬರುವ ಪಾಲು, ಶೇಕಡಾ 50ಕ್ಕಿಂತ ಕಡಿಮೆಯೇ ಇರಬೇಕಾಗುತ್ತದೆ. ಕಾರಿನ ಚಕ್ರ ಬದಲಿಸುವಾಗ ಜ್ಯಾಕಿನ ಮೇಲೆ ಕಾರು ನಿಂತಿರುವುದು ಈ ಅದಕ್ಷತೆಯ ಕೃಪೆಯಿಂದ. ಜೆಪ್ಪುವಿನಲ್ಲಿ 1865ರಲ್ಲಿ ಬಾಸೆಲ್ ಮಿಷನ್ ಆರಂಭಿಸಿದ ಕಾರ್ಖಾನೆಯಿಂದ ಬೆಳೆದ ಮಂಗಳೂರು ಹೆಂಚಿನ ಉದ್ಯಮದಲ್ಲಿಯೂ ಅಚ್ಚಿನೊಳಗೆ ಜೇಡಿಮಣ್ಣನ್ನು ಒತ್ತಲು ಕೈಯಿಂದ ನಡೆಸುವ ತಿರುಪಿನ ಪ್ರೆಸ್ಸುಗಳು ಬಳಕೆಯಲ್ಲಿದ್ದವು.

ಪ್ರಶ್ನೆ: ದಕ್ಕೆಯಲ್ಲಿ ಬೋಟಿನ ಹಗ್ಗವನ್ನು ಕಬ್ಬಿಣದ ಗೂಟಕ್ಕೆ ಎರಡು ಮೂರು ಸುತ್ತು ಹಾಕಿ ತುದಿಯನ್ನು ಒಬ್ಬನೇ ಹಿಡಿದುಕೊಂಡರೆ ಅಷ್ಟು ದೊಡ್ಡ ಬೋಟು ನಿಲ್ಲುತ್ತದೆ. ಇದೂ ಸರಳ ಯಂತ್ರವೇ?
— ಮೀನುಗಾರ, ಮಲ್ಪೆ

ಉತ್ತರ: ಪಠ್ಯಪುಸ್ತಕದ ಆರು ಸರಳ ಯಂತ್ರಗಳ ಪಟ್ಟಿಯಲ್ಲಿ ಇದು ಇಲ್ಲ, ಇರಬೇಕಿತ್ತು ಎಂದು ನನ್ನ ಅಭಿಪ್ರಾಯ. ಬಾವಿಯ ಕಾಂಡದ ವಿಷಯದಲ್ಲಿ ಶತ್ರುವಾಗಿದ್ದ ಘರ್ಷಣೆಯೇ ಇಲ್ಲಿ ಮಿತ್ರ. 18ನೇ ಶತಮಾನದ ಗಣಿತಜ್ಞ ಲಿಯೊನಾರ್ಡ್ ಆಯ್ಲರ್ ಹೆಸರಿನೊಂದಿಗೆ ಸೇರಿರುವ ಸೂತ್ರದ ಪ್ರಕಾರ ಪ್ರತಿ ಸುತ್ತಿಗೂ ಹಿಡಿತ ಕೂಡುತ್ತಾ ಹೋಗುವುದಿಲ್ಲ, ಗುಣಿಸುತ್ತಾ ಹೋಗುತ್ತದೆ. ಗುಣಾಂಕ 0.3 ಇದ್ದರೆ ಒಂದು ಸುತ್ತಿಗೆ ಆರೂವರೆ ಪಟ್ಟು, ಎರಡು ಸುತ್ತಿಗೆ 43 ಪಟ್ಟು, ಮೂರು ಸುತ್ತಿಗೆ 280ಕ್ಕೂ ಹೆಚ್ಚು ಪಟ್ಟು. ಅಂದರೆ ತುದಿಯನ್ನು 10 ಕಿಲೋ ಬಲದಿಂದ ಹಿಡಿದವನು ಎರಡೂಮುಕ್ಕಾಲು ಟನ್ನಿನ ಎಳೆತವನ್ನು ತಡೆಯಬಲ್ಲ. ಗೂಟ ದಪ್ಪವಿದೆಯೇ ಸಣ್ಣದಿದೆಯೇ ಎಂಬುದು ಈ ಲೆಕ್ಕಕ್ಕೆ ಬರುವುದೇ ಇಲ್ಲ, ಸುತ್ತಿನ ಸಂಖ್ಯೆ ಮಾತ್ರ ಬರುತ್ತದೆ. ಹಗ್ಗ ಒದ್ದೆಯಾಗಿ ಅಥವಾ ಎಣ್ಣೆ ತಾಗಿ ಜಾರತೊಡಗಿದರೆ ಗುಣಾಂಕ ಇಳಿಯುತ್ತದೆ, ಆಗ ಹಿಡಿತ ತೀವ್ರವಾಗಿ ಕುಸಿಯುತ್ತದೆ. ಒಂದು ಸುತ್ತು ಹೆಚ್ಚಿಗೆ ಹಾಕುವ ನಿಮ್ಮವರ ರೂಢಿಗೆ ಗಣಿತದ ಪೂರ್ಣ ಬೆಂಬಲವಿದೆ.

ಪ್ರಶ್ನೆ: ರಥಬೀದಿಯಲ್ಲಿ ತೇರು ಎಳೆಯುವಾಗ ಗಾಲಿಯ ಅಡಿಗೆ ಮರದ ತುಂಡುಗಳನ್ನು ಕೊಡುತ್ತಾರಲ್ಲ, ಅದು ತಡೆಯಲೋ ತಿರುಗಿಸಲೋ? ಗಾಲಿಯಿಂದ ಭಾರ ಎಷ್ಟು ಕಡಿಮೆಯಾಗುತ್ತದೆ?
— ವಿದ್ಯಾರ್ಥಿ, ಕಾರ್ಕಳ

ಉತ್ತರ: ಎರಡಕ್ಕೂ ಹೌದು. ತೇರಿನ ಗಾಲಿಗಳಿಗೆ ಕಾರಿನಂತೆ ಬೇಕಾದ ಕಡೆಗೆ ಹೊರಳುವ ವ್ಯವಸ್ಥೆ ಇರುವುದಿಲ್ಲ. ಒಂದು ಬದಿಯ ಗಾಲಿಯ ಮುಂದೆ ಬೆಣೆ ಕೊಟ್ಟರೆ ಆ ಬದಿ ನಿಧಾನವಾಗುತ್ತದೆ, ಇನ್ನೊಂದು ಬದಿ ಮುಂದೆ ಸಾಗುತ್ತದೆ, ತೇರು ಬೆಣೆ ಕೊಟ್ಟ ಕಡೆಗೆ ಹೊರಳುತ್ತದೆ. ಎರಡೂ ಬದಿಗೆ ಕೊಟ್ಟರೆ ನಿಲ್ಲುತ್ತದೆ. ಹಗ್ಗ ಹಿಡಿದ ನೂರಾರು ಮಂದಿಗಿಂತ ಈ ಬೆಣೆ ಕೊಡುವವರ ಕೆಲಸವೇ ಕಷ್ಟದ್ದು ಮತ್ತು ಅಪಾಯದ್ದು.

ಗಾಲಿಯ ವಿಷಯದಲ್ಲಿ ಒಂದು ತಿದ್ದುಪಡಿ ಅಗತ್ಯ. ಅನೇಕ ಪುಸ್ತಕಗಳು ಬಂಡಿಯ ಚಕ್ರವನ್ನು "ಗಾಲಿ ಮತ್ತು ಅಚ್ಚು" ಎಂಬ ಸರಳ ಯಂತ್ರಕ್ಕೆ ಉದಾಹರಣೆಯಾಗಿ ಕೊಡುತ್ತವೆ. ಅಲ್ಲಿ ಹೇಳಬೇಕಾದದ್ದು ಗಾಲಿಯೂ ಅಚ್ಚೂ ಒಟ್ಟಿಗೆ ತಿರುಗಿ ಬಲವನ್ನು ಹೆಚ್ಚಿಸುವ ಸಾಧನವನ್ನು, ಉದಾಹರಣೆಗೆ ಸ್ಕ್ರೂ ಡ್ರೈವರನ್ನು. ತೇರಿನ ಗಾಲಿ ಮಾಡುವುದು ಬೇರೆಯೇ ಉಪಕಾರ: ನೆಲಕ್ಕೆ ಉಜ್ಜಬೇಕಾಗಿದ್ದ ಘರ್ಷಣೆಯನ್ನು ಅದು ಅಚ್ಚಿಗೆ ವರ್ಗಾಯಿಸುತ್ತದೆ. ಗಾಲಿಯ ತ್ರಿಜ್ಯ ಅಚ್ಚಿನ ತ್ರಿಜ್ಯದ ಎಂಟು ಪಟ್ಟಿದ್ದರೆ ಅಚ್ಚಿನ ಘರ್ಷಣೆಯ ಎಂಟನೇ ಒಂದು ಪಾಲು ಮಾತ್ರ ಹಗ್ಗಕ್ಕೆ ಬರುತ್ತದೆ, ಅಚ್ಚಿಗೆ ಎಣ್ಣೆ ಹಾಕಿದರೆ ಅದೂ ಇಳಿಯುತ್ತದೆ. 10 ಟನ್ ಹೊರೆಯನ್ನು ನೆಲದ ಮೇಲೆ ಜಾರಿಸಲು ಸುಮಾರು 4 ಟನ್ ಬಲ ಬೇಕಾಗುವಲ್ಲಿ, ಒಳ್ಳೆಯ ಗಾಲಿಗಳಿದ್ದರೆ ಸಮತಟ್ಟಾದ ಗಟ್ಟಿ ನೆಲದಲ್ಲಿ ಕೆಲವು ನೂರು ಕಿಲೋ ಸಾಕಾಗುತ್ತದೆ.

ನಿಮ್ಮ ಊರಿನದೇ ಉದಾಹರಣೆಯೊಂದಿದೆ. ರೆಂಜಾಳ ಗೋಪಾಲಕೃಷ್ಣ ಶೆಣೈಯವರು ಕಾರ್ಕಳದಲ್ಲಿ ಕೆತ್ತಿದ 39 ಅಡಿ ಎತ್ತರದ ಬಾಹುಬಲಿ ಮೂರ್ತಿಯನ್ನು 1973ರಲ್ಲಿ ಬಹುಚಕ್ರಗಳ ವಾಹನದಲ್ಲಿ ಧರ್ಮಸ್ಥಳಕ್ಕೆ ಸಾಗಿಸಲಾಯಿತು. ಅಂಥ ವಾಹನಕ್ಕೆ ಅಷ್ಟೊಂದು ಚಕ್ರಗಳಿರುವುದು ಎಳೆಯುವ ಬಲವನ್ನು ಇಳಿಸಲೆಂದು ಅಲ್ಲ. ಭಾರವನ್ನು ಹಂಚಿ, ರಸ್ತೆಯೂ ಸೇತುವೆಯೂ ಕುಸಿಯದಂತೆ ನೋಡಿಕೊಳ್ಳಲೆಂದು.

ಪ್ರಶ್ನೆ: ಆಗುಂಬೆ ಘಾಟಿಯ ರಸ್ತೆಯನ್ನು ಅಷ್ಟೊಂದು ತಿರುವುಗಳಿಲ್ಲದೆ ನೇರವಾಗಿ ಮಾಡಿದ್ದರೆ ದೂರವೂ ಡೀಸೆಲ್ಲೂ ಉಳಿಯುತ್ತಿರಲಿಲ್ಲವೇ?
— ಓದುಗರು, ಹೆಬ್ರಿ

ಉತ್ತರ: ದೂರ ಉಳಿಯುತ್ತಿತ್ತು, ಲಾರಿ ಏರುತ್ತಿರಲಿಲ್ಲ. ಸಮುದ್ರಮಟ್ಟದಿಂದ ಸುಮಾರು 640 ಮೀಟರ್ ಎತ್ತರದ ಆಗುಂಬೆಗೆ ಹೊರೆಯನ್ನು ಏರಿಸುವ ಕೆಲಸ ಯಾವ ದಾರಿಯಲ್ಲಿ ಹೋದರೂ ಒಂದೇ. 15 ಮೀಟರ್ ಸಾಗಿದರೆ ಒಂದು ಮೀಟರ್ ಏರುವ ರಸ್ತೆಯಲ್ಲಿ 10 ಟನ್ ಲಾರಿಯನ್ನು ಹಿಂದಕ್ಕೆಳೆಯುವ ಬಲ 670 ಕಿಲೋದಷ್ಟು. 5 ಮೀಟರಿಗೆ ಒಂದು ಮೀಟರ್ ಏರುವಲ್ಲಿ ಅದು 2 ಟನ್. ಇಳಿಯುವಾಗ ಬ್ರೇಕು ತಡೆಯಬೇಕಾದ ಬಲವೂ ಅಷ್ಟೇ ಹೆಚ್ಚುತ್ತದೆ. ಇಳಿಜಾರಿನ ಈ ನಿಯಮವನ್ನು ಗಣಿತಜ್ಞ ಸೈಮನ್ ಸ್ಟೆವಿನ್ 1586ರಲ್ಲಿ ಸ್ಪಷ್ಟಪಡಿಸಿದ. ಅದಕ್ಕೂ ಬಹಳ ಹಿಂದೆ, ಒಂದನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಹೀರೋ ಎಂಬ ಗ್ರೀಕ್ ಯಂತ್ರತಜ್ಞ ಕೊಟ್ಟಿದ್ದ ಐದು ಯಂತ್ರಗಳ ಪಟ್ಟಿಯಲ್ಲಿ ಇಳಿಜಾರು ಇರಲೇ ಇಲ್ಲ.

ಪ್ರಶ್ನೆ: ಮಹಡಿಯಿಂದ ಇಳಿಯುವ ಭಾರವೊಂದು ಹಲವು ರಾಟೆಗಳ ಮೂಲಕ ಡೈನಮೊ ತಿರುಗಿಸಿ, ಅದೇ ವಿದ್ಯುತ್ತು ಭಾರವನ್ನು ಮತ್ತೆ ಮೇಲಕ್ಕೆತ್ತಿ, ಮಿಕ್ಕಿದ್ದರಲ್ಲಿ ಮನೆಯ ದೀಪ ಉರಿಯುವಂಥ ನಕ್ಷೆಯನ್ನು ರಚಿಸಿದ್ದೇನೆ. ರಾಟೆಗಳನ್ನು ಹೆಚ್ಚಿಸಿದರೆ ಇದು ಸಾಧ್ಯವೇ?
— ನಿವೃತ್ತ ನೌಕರ, ಕುಂದಾಪುರ

ಉತ್ತರ: ಸಾಧ್ಯವಿಲ್ಲ. ಭಾಸ್ಕರಾಚಾರ್ಯರು 1150ರ ಸುಮಾರಿಗೆ ಪಾದರಸ ತುಂಬಿದ, ತಾನಾಗಿ ತಿರುಗುವ ಚಕ್ರವೊಂದನ್ನು ವಿವರಿಸಿದ್ದಾರೆ, ಆದ್ದರಿಂದ ನಿಮ್ಮ ಆಲೋಚನೆಗೆ ಗೌರವಾನ್ವಿತ ಪರಂಪರೆಯೇ ಇದೆ. ಆದರೆ ಯಂತ್ರದಿಂದ ಪ್ರಕೃತಿಯನ್ನು ವಂಚಿಸಲಾಗದು ಎಂಬುದನ್ನು ಗೆಲಿಲಿಯೋ 1600ರ ಸುಮಾರಿಗೇ ತೋರಿಸಿಕೊಟ್ಟ. ನಿಮ್ಮ ನಕ್ಷೆಯಲ್ಲಿ 100 ಕಿಲೋ ಭಾರ 3 ಮೀಟರ್ ಇಳಿದರೆ ಸಿಗುವುದು ಸುಮಾರು 2,940 ಜೂಲ್. ಯಾವ ನಷ್ಟವೂ ಇಲ್ಲದಿದ್ದರೆ ಅದು 9 ವಾಟ್‌ನ ಒಂದು ಎಲ್ಇಡಿ ಬಲ್ಬನ್ನು ಐದೂವರೆ ನಿಮಿಷ ಉರಿಸುತ್ತದೆ, ಅನಂತರ ಭಾರವನ್ನು ಮೇಲೆತ್ತಲು ಏನೂ ಮಿಕ್ಕಿರುವುದಿಲ್ಲ. ರಾಟೆಗಳನ್ನು ಹೆಚ್ಚಿಸಿದಷ್ಟೂ ಅಚ್ಚುಗಳ ಘರ್ಷಣೆ ಹೆಚ್ಚಿ ಆ ಐದೂವರೆ ನಿಮಿಷವೂ ಕಡಿಮೆಯಾಗುತ್ತದೆ.