ಗುಜರಿ ಕೆಲಸಕ್ಕಾ ಮಗನನ್ನು ಓದಿಸಿದ್ದು?

ಪ್ರಶ್ನೆ: ಮಗ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿದ್ದಾನೆ. ದಾಬಸ್‌ಪೇಟೆಯ ಒಂದು ಇ-ತ್ಯಾಜ್ಯ (ಹಳೇ ಫೋನ್, ಟಿವಿ, ಕಂಪ್ಯೂಟರ್ ಇತ್ಯಾದಿ) ಘಟಕದಲ್ಲಿ ಕೆಲಸ ಸಿಕ್ಕಿದೆ. ಅವನಿಗೆ ಇಷ್ಟ. ನೆಂಟರು ಮಾತ್ರ ‘ಗುಜರಿ ಕೆಲಸಕ್ಕಾ ಓದಿಸಿದ್ದು?’ ಅಂತಾರೆ. ಈ ಕೆಲಸಕ್ಕೆ ಭವಿಷ್ಯ ಇದೆಯೇ? ಆರೋಗ್ಯ ಕೆಡುವುದಿಲ್ಲವೇ?
– ಒಬ್ಬ ತಂದೆ, ತುಮಕೂರು

ಉತ್ತರ: ಯಜಮಾನರೇ, ನಾನು ಹದಿನಾರು ವರ್ಷ ಟಿವಿ ರಿಪೇರಿ ಮಾಡಿದವನು. ಡಬ್ಬದಂಥ ಟಿವಿಗಳ ಕಾಲ ಮುಗಿದ ಮೇಲೆ ಅಂಗಡಿ ಮುಚ್ಚಿ ಈ ಕೆಲಸಕ್ಕೆ ಬಂದೆ. ನನ್ನ ಅತ್ತಿಗೆಯೂ ಇದೇ ಮಾತು ಅಂದಿದ್ದರು.

ಗುಜರಿ ಅನ್ನಲಿ ಬಿಡಿ. ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಕೊನೆಕೊನೆಗೆ ಒಂದು ಟನ್ ಕಲ್ಲು ಪುಡಿ ಮಾಡಿದರೆ ಸಿಗುತ್ತಿದ್ದ ಚಿನ್ನ ಕೆಲವೇ ಗ್ರಾಂ. ಒಂದು ಟನ್ ಹಳೇ ಮೊಬೈಲ್‌ನಲ್ಲಿ ಅದರ ಹತ್ತಾರು ಪಟ್ಟು ಚಿನ್ನ ಇದೆ. ಜೊತೆಗೆ ಬೆಳ್ಳಿ, ತಾಮ್ರ. 2022ರಲ್ಲಿ ಜಗತ್ತಿನಲ್ಲಿ ಸುಮಾರು 6.2 ಕೋಟಿ ಟನ್ ಇ-ತ್ಯಾಜ್ಯ ಬಂತು. ಸರಿಯಾಗಿ ಸಂಗ್ರಹವಾಗಿ ಮರುಬಳಕೆಗೆ ಹೋಗಿದ್ದು ಅದರಲ್ಲಿ ಕಾಲು ಭಾಗವೂ ಇಲ್ಲ. ಅಂದರೆ ಕೆಲಸ ಇನ್ನೂ ಬೆಟ್ಟದಷ್ಟು ಬಾಕಿ ಇದೆ.

ಸರ್ಕಾರದ ಅನುಮತಿ ಪಡೆದ ದೇಶದ ಮೊದಲ ಇ-ತ್ಯಾಜ್ಯ ಘಟಕ ‘ಇ-ಪರಿಸರ’ ಶುರುವಾಗಿದ್ದೂ ನಿಮ್ಮ ದಾಬಸ್‌ಪೇಟೆಯಲ್ಲೇ. ಆಗ ಮಾಲು ಸಿಗುವುದೇ ಕಷ್ಟವಿತ್ತು. 2023ರ ಏಪ್ರಿಲ್‌ನಿಂದ ಹೊಸ ನಿಯಮ ಬಂದು ಲೆಕ್ಕ ಬದಲಾಯಿತು. ನಿಯಮ ಅನ್ವಯಿಸುವ ಪಟ್ಟಿಯಲ್ಲಿದ್ದ 21 ಬಗೆಯ ವಸ್ತುಗಳು 106 ಆದವು. ಫ್ರಿಜ್, ಫೋನ್ ಮಾಡುವ ಕಂಪನಿ, ಹಿಂದೆ ತಾನು ಮಾರಿದ್ದರ ತೂಕದಲ್ಲಿ ಇಂತಿಷ್ಟು ಪಾಲು ಹಳೇ ಮಾಲು ಮರುಬಳಕೆಯಾಯಿತು ಅಂತ ನೋಂದಾಯಿತ ಘಟಕದಿಂದ ಸರ್ಟಿಫಿಕೇಟ್ ಕೊಳ್ಳಲೇಬೇಕು. ಆ ಪಾಲು ಮೊದಲು ಶೇ 60 ಇತ್ತು, 2027-28ರಿಂದ ಶೇ 80. ಭವಿಷ್ಯದ ಬಗ್ಗೆ ನನಗೆ ಅನುಮಾನವಿಲ್ಲ.

ಆರೋಗ್ಯದ ಬಗ್ಗೆ ನಿಮಗಿರುವ ಭಯ ಮಾತ್ರ ಸರಿಯಾದದ್ದೇ. ನಾನು ಮೊದಲು ಸೇರಿದ್ದು ಒಂದು ಶೆಡ್. ಹೊರಗಿನ ನಾಮಫಲಕದಲ್ಲಿ ಸರ್ಕಾರದ ಅನುಮತಿ ಇದೆ ಅಂತ ಬರೆದಿತ್ತು. ಹಿತ್ತಿಲಲ್ಲಿ ರಾತ್ರಿ ವೈರ್ ಸುಟ್ಟು ತಾಮ್ರ ತೆಗೆಯುತ್ತಿದ್ದರು. ಇಪ್ಪತ್ತು ದಾಟದ ಹುಡುಗರು ಬರಿಗೈಯಲ್ಲಿ ಸರ್ಕ್ಯೂಟ್ ಬೋರ್ಡ್‌ಗಳನ್ನು ಆಸಿಡ್‌ಗೆ ಅದ್ದುತ್ತಿದ್ದರು. ಮೂರು ತಿಂಗಳಿಗೆ ನನಗೆ ಕೆಮ್ಮು ಹಿಡಿಯಿತು, ಬಿಟ್ಟೆ. ಆ ಹುಡುಗರ ಮುಖ ಇನ್ನೂ ಕಣ್ಣ ಮುಂದೆ ಬರುತ್ತದೆ. ಹಳೇ ಟಿವಿಯ ಗಾಜಿನಲ್ಲಿ ಸೀಸ, ಟ್ಯೂಬ್‌ಲೈಟಿನಲ್ಲಿ ಪಾದರಸ. ಮೈಗೆ ಸೇರುವಾಗ ಇವು ಗೊತ್ತೇ ಆಗುವುದಿಲ್ಲ.

ಅದಕ್ಕೇ ಹೇಳುತ್ತೇನೆ, ಸೇರುವ ಮೊದಲು ಒಂದು ದಿನ ಮಗನ ಜೊತೆ ನೀವೂ ಹೋಗಿ. ಆಫೀಸಲ್ಲಿ ಕೂರಬೇಡಿ, ಬಿಚ್ಚುವ ಮೇಜಿನ ಹತ್ತಿರ ಹೋಗಿ. ಧೂಳು ಎಳೆಯುವ ಪೈಪು ಓಡುತ್ತಿದೆಯಾ, ಸುಮ್ನೆ ಇಟ್ಟಿದ್ದಾರಾ ನೋಡಿ. ಮಾಸ್ಕ್, ಗ್ಲೌಸ್ ಹಾಕಿಕೊಂಡಿದ್ದಾರಾ? ಲೀಥಿಯಂ ಬ್ಯಾಟರಿ ಬೇರೆ ಇಡುತ್ತಾರಾ? ಅದು ಜಜ್ಜಿಹೋದರೆ ಹೊತ್ತಿಕೊಳ್ಳಬಹುದು. ಇಎಸ್‌ಐ, ಪಿಎಫ್ ಇದೆಯಾ, ರಕ್ತದಲ್ಲಿ ಸೀಸ ಎಷ್ಟಿದೆ ಅಂತ ಪರೀಕ್ಷೆ ಮಾಡಿಸುತ್ತಾರಾ ಅಂತ ಬಾಯಿಬಿಟ್ಟು ಕೇಳಿ. ಕೇಳಿದರೆ ತಪ್ಪೇನಿಲ್ಲ, ಮಗ ನಿಮ್ಮವನು ಅಲ್ವಾ? ಹಿತ್ತಿಲನ್ನೂ ಒಮ್ಮೆ ಸುತ್ತಿ ಬನ್ನಿ. ಎಲ್ಲಾದರೂ ವೈರ್ ಸುಟ್ಟ ವಾಸನೆ ಬಂದರೆ, ಎಷ್ಟು ಸಂಬಳ ಹೇಳಿದರೂ ಮಗನನ್ನು ವಾಪಸ್ ಕರೆದುಕೊಂಡು ಬನ್ನಿ. ಎಲ್ಲ ಸರಿ ಇದ್ದರೆ ಧೈರ್ಯವಾಗಿ ಕಳಿಸಿ.