ಡೇಟಾ ಕದಿಯದ ಹೈಪರ್‌ವೈಸರ್ ದೋಷಕ್ಕೆ ಪ್ಯಾಚ್ ಹಾಕುವುದು ಅಷ್ಟು ಅರ್ಜೆಂಟಾ?

ನಿಮ್ಮ ಪ್ರಶ್ನೆ ಹೀಗಿದೆ: ಹೈಪರ್‌ವೈಸರ್‌ನಲ್ಲಿ (ಒಂದೇ ಕಂಪ್ಯೂಟರ್ ಮೇಲೆ ಹಲವು ವರ್ಚುವಲ್ ಮೆಷಿನ್, ಅಂದರೆ ವಿಎಂ, ಓಡಿಸುವ ಸಾಫ್ಟ್‌ವೇರ್) ಡಿನಯಲ್ ಆಫ್ ಸರ್ವೀಸ್ ದೋಷ, ಅಂದರೆ ಸೇವೆಯನ್ನಷ್ಟೇ ನಿಲ್ಲಿಸುವ ದೋಷ, ಇದೆ ಅಂತ ಸೂಚನೆ ಬಂದಿದೆ. ತೀವ್ರತೆಯ ಅಂಕ ಹತ್ತಕ್ಕೆ 6.5, ದರ್ಜೆ ಮೀಡಿಯಂ. ಡೇಟಾ ಯಾರ ಕೈಗೂ ಸಿಗಲ್ಲವಲ್ಲ, ಪ್ಯಾಚ್ ಮುಂದಿನ ಮೆಂಟೆನೆನ್ಸ್‌ವರೆಗೆ ಕಾಯಬಹುದಾ?

ಅಂಕವನ್ನು ಪಕ್ಕಕ್ಕಿಡಿ. ಮೊದಲು ಕೇಳಬೇಕಾದದ್ದು, ಬೀಳುವುದು ಯಾರು ಅಂತ. ಗೆಸ್ಟ್, ಅಂದರೆ ಒಳಗೆ ಓಡುವ ವಿಎಂ, ತಾನೊಬ್ಬನೇ ಬೀಳುತ್ತದಾ, ಇಲ್ಲ ವಿಎಂಗಳನ್ನೆಲ್ಲ ಹೊತ್ತಿರುವ ಕಂಪ್ಯೂಟರ್ ಆದ ಹೋಸ್ಟನ್ನೂ ಎಳೆದುಕೊಂಡು ಬೀಳುತ್ತದಾ? ಎರಡನ್ನೂ ಡಿನಯಲ್ ಆಫ್ ಸರ್ವೀಸ್ ಅಂತಲೇ ಕರೆಯುತ್ತಾರೆ. ಆದರೆ ಎರಡಕ್ಕೂ ಅಜಗಜಾಂತರ.

ಮೊದಲನೆಯ ಬಗೆಗೆ ಒಂದು ಉದಾಹರಣೆ ಸಿವಿಇ-2021-20257 (ಸಿವಿಇ ಅಂದರೆ ಬಹಿರಂಗವಾದ ಭದ್ರತಾ ದೋಷಕ್ಕೆ ಕೊಡುವ ಗುರುತಿನ ಸಂಖ್ಯೆ). ಕ್ಯೂಎಮು ಅನ್ನೋ ಸಾಫ್ಟ್‌ವೇರ್ ಗೆಸ್ಟ್‌ಗೆ ಹಾರ್ಡ್‌ವೇರನ್ನು ಅನುಕರಿಸಿ ತೋರಿಸುತ್ತದೆ. ಅದು ತೋರಿಸುವ ಇ1000 ನೆಟ್‌ವರ್ಕ್ ಕಾರ್ಡಿಗೆ ಗೆಸ್ಟ್ ಕೆಟ್ಟ ಡಿಸ್ಕ್ರಿಪ್ಟರ್ (ಕಳಿಸಬೇಕಾದ ಡೇಟಾದ ವಿವರ) ಕೊಟ್ಟರೆ, ಕ್ಯೂಎಮು ಕೊನೆಯಿಲ್ಲದ ಲೂಪ್‌ಗೆ ಬೀಳುತ್ತಿತ್ತು. ಇದನ್ನು ಮಾಡಲು ಗೆಸ್ಟ್ ಒಳಗೆ ರೂಟ್, ಅಂದರೆ ಪೂರ್ಣ ಅಧಿಕಾರ ಬೇಕು. ರೂಟ್ ಇದ್ದವನು ತನ್ನ ಮೆಷಿನನ್ನು ಬೇಕಾದಾಗ ಆಫ್ ಮಾಡಬಹುದು, ಅಲ್ವಾ? ಒಂದೊಂದು ವಿಎಂಗೂ ಒಂದೊಂದು ಕ್ಯೂಎಮು ಪ್ರೋಸೆಸ್ ಇರುವುದರಿಂದ ಪಕ್ಕದ ವಿಎಂಗೆ ತೊಂದರೆ ಕಡಿಮೆ. ಸಿಗ್ರೂಪ್‌ನಲ್ಲಿ (ಪ್ರೋಸೆಸ್‌ಗಳ ಬಳಕೆಗೆ ಮಿತಿ ಹಾಕುವ ಲಿನಕ್ಸ್ ಸೌಲಭ್ಯ) ಸಿಪಿಯು ಮಿತಿ ಹಾಕಿದ್ದರೆ ಇನ್ನೂ ಕಡಿಮೆ. ಇಂಥದ್ದನ್ನು ನಾನೂ ಮುಂದಿನ ಮೆಂಟೆನೆನ್ಸ್‌ಗೆ ಬಿಡುತ್ತೇನೆ. ಗೆಸ್ಟ್ ಒಳಗಿನ ಸಾಮಾನ್ಯ ಬಳಕೆದಾರನೂ ಆ ವಿಎಂ ಬೀಳಿಸಬಹುದು ಅಂತಿದ್ದರೆ ಮಾತ್ರ ಬಿಡುವುದಿಲ್ಲ.

ಎರಡನೆಯ ಬಗೆ ಬೇರೆಯೇ ಕಥೆ. 2015ರ ನವೆಂಬರ್‌ನಲ್ಲಿ ಹೊರಬಂದ ಸಿವಿಇ-2015-5307 ನೋಡಿ. ಮೆಮೊರಿ ವಿಳಾಸ ಸರಿಯಾದ ಗಡಿಯಲ್ಲಿ ಇಲ್ಲದಿದ್ದಾಗ ಸಿಪಿಯು ಅಲೈನ್‌ಮೆಂಟ್ ಚೆಕ್ ಅನ್ನೋ ಎಕ್ಸೆಪ್ಶನ್, ಅಂದರೆ ತಪ್ಪಿನ ಸೂಚನೆ, ಎಬ್ಬಿಸಬಲ್ಲದು. ಅದನ್ನು ಗೆಸ್ಟ್‌ಗೆ ತಲುಪಿಸಲು ಸಿಪಿಯು ಗೆಸ್ಟ್‌ನ ಸ್ಟ್ಯಾಕ್ (ತಾತ್ಕಾಲಿಕ ಮಾಹಿತಿ ಇಡುವ ಮೆಮೊರಿ ಜಾಗ) ಮೇಲೆ ಬರೆಯಬೇಕು. ಆ ಸ್ಟ್ಯಾಕ್‌ನ ವಿಳಾಸವೇ ಸೊಟ್ಟಗಿದ್ದರೆ? ಬರೆಯುವಾಗ ಮತ್ತೆ ಅದೇ ಎಕ್ಸೆಪ್ಶನ್. ಅದನ್ನು ತಲುಪಿಸಲು ಹೋದರೆ ಮತ್ತೊಮ್ಮೆ. ಇದು ಸಿಪಿಯುವಿನ ಒಳಗಿನ ಪ್ರೋಗ್ರಾಂ ಆದ ಮೈಕ್ರೊಕೋಡ್ ಒಳಗೇ ಸುತ್ತುತ್ತಿರುತ್ತದೆ. ಆ ಕೋರ್‌ಗೆ ಇನ್ನೊಂದು ಇಂಟರಪ್ಟ್ (ಕೆಲಸ ನಿಲ್ಲಿಸಿ ಇತ್ತ ನೋಡು ಅನ್ನೋ ಸಂಕೇತ) ತಲುಪುವುದೇ ಇಲ್ಲ, ಹೋಸ್ಟ್‌ಗೆ ಹಿಡಿತ ವಾಪಸ್ ಸಿಗುವುದೇ ಇಲ್ಲ. ಸ್ವಲ್ಪ ಹೊತ್ತಿಗೆ ಹೋಸ್ಟ್‌ನ ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳು, ಪ್ಯಾನಿಕ್ ಆಗಿ ನಿಲ್ಲಬಹುದು ಅಥವಾ ಹೋಸ್ಟ್ ಹಾಗೇ ಸ್ತಬ್ಧವಾಗಬಹುದು. ಕೆವಿಎಂ, ಝೆನ್ ಅನ್ನೋ ಎರಡು ಹೈಪರ್‌ವೈಸರ್‌ಗಳಲ್ಲೂ ಇದಿತ್ತು. ಇಂಟೆಲ್ಲೇ ಇರಲಿ, ಎಎಂಡಿಯೇ ಇರಲಿ, ತಪ್ಪಿಸಿಕೊಳ್ಳಲಿಲ್ಲ. ಪರಿಹಾರ ಚಿಕ್ಕದು: ಆ ಎಕ್ಸೆಪ್ಶನ್ ಬಂದ ಕೂಡಲೇ ಗೆಸ್ಟ್‌ನಿಂದ ಹೊರಬಂದು ಹೈಪರ್‌ವೈಸರೇ ಅದನ್ನು ಹಿಡಿಯುವುದು.

2019ರ ನವೆಂಬರ್‌ನ ಸಿವಿಇ-2018-12207 ಕೂಡ ಇದೇ ಜಾತಿ. ಗೆಸ್ಟ್ ತನ್ನ ಕೋಡ್ ಇರುವ ಪೇಜಿನ (ಮೆಮೊರಿಯ ತುಂಡಿನ) ಗಾತ್ರವನ್ನು ಒಂದು ವಿಶೇಷ ರೀತಿಯಲ್ಲಿ ಬದಲಾಯಿಸಿದರೆ, ಕೆಲವು ಇಂಟೆಲ್ ಸಿಪಿಯುಗಳಲ್ಲಿ ಟಿಎಲ್‌ಬಿಯಲ್ಲಿ (ಮೆಮೊರಿ ವಿಳಾಸಗಳನ್ನು ಸಿಪಿಯು ನೆನಪಿಟ್ಟುಕೊಳ್ಳುವ ಪಟ್ಟಿ) ಒಂದೇ ವಿಳಾಸಕ್ಕೆ ಎರಡು ನಮೂದು ಸಿಕ್ಕಿ, ಮೆಷಿನ್ ಚೆಕ್ ಅನ್ನೋ ಗಂಭೀರ ಹಾರ್ಡ್‌ವೇರ್ ತಪ್ಪು ಎದ್ದು ಇಡೀ ಹೋಸ್ಟ್ ನಿಲ್ಲುತ್ತದೆ. ಕೆವಿಎಂ ಇದಕ್ಕೆ ದೊಡ್ಡ ಪೇಜುಗಳಿಂದ ಕೋಡ್ ಓಡದಂತೆ ತಡೆದು, ಓಡಿಸಲು ಬಂದಾಗ 4 ಕೆಬಿ ಪೇಜುಗಳಾಗಿ ಒಡೆಯುತ್ತದೆ. ವೇಗ ಸ್ವಲ್ಪ ಕಡಿಮೆಯಾಗಬಹುದು. ನಾನು ಅದನ್ನು ಒಪ್ಪಿಕೊಂಡಿದ್ದೇನೆ.

ಈಗ ನಿಮ್ಮ 6.5ಕ್ಕೆ ಬರೋಣ. ದೋಷಗಳ ತೀವ್ರತೆಗೆ ಅಂಕ ಕೊಡುವ ಪದ್ಧತಿಯಾದ ಸಿವಿಎಸ್‌ಎಸ್ 3.1 ಲೆಕ್ಕದಲ್ಲಿ, ಒಳಗಿನಿಂದ ಸುಲಭವಾಗಿ ಮಾಡಬಹುದಾದ, ಸೇವೆಯನ್ನಷ್ಟೇ ನಿಲ್ಲಿಸುವ ದೋಷಕ್ಕೆ ಸಾಮಾನ್ಯವಾಗಿ 5.5 ಸಿಗುತ್ತದೆ. ಅದೇ ದೋಷ ಗಡಿ ದಾಟಿ ಹೋಸ್ಟನ್ನು ಬೀಳಿಸಿದರೆ 6.5. ಒಂದೇ ಒಂದು ಅಂಕದ ವ್ಯತ್ಯಾಸ, ಎರಡೂ ಮೀಡಿಯಂ! ಹೋಸ್ಟ್ ಮೇಲೆ ನಲವತ್ತು ವಿಎಂ ಇದ್ದಾವಾ, ಎರಡೇ ಇದ್ದಾವಾ ಅನ್ನೋದು ಆ ಮೂಲ ಅಂಕಕ್ಕೆ ಗೊತ್ತೇ ಇಲ್ಲ. ಅದಕ್ಕೇ ಸೂಚನೆಯಲ್ಲಿ ವೆಕ್ಟರ್ ಸಾಲು, ಅಂದರೆ ಅಂಕ ಹೇಗೆ ಬಂತು ಅಂತ ಅಕ್ಷರಗಳಲ್ಲಿ ಹೇಳುವ ಸಾಲು, ಓದಿ. ಸ್ಕೋಪ್ ಅನ್ನೋ ಜಾಗದಲ್ಲಿ 'ಯು' (ಗಡಿ ದಾಟುವುದಿಲ್ಲ) ಬದಲು 'ಸಿ' (ಗಡಿ ದಾಟುತ್ತದೆ) ಇದ್ದರೆ, ನಿಮ್ಮದು ಹೆಚ್ಚಾಗಿ ಎರಡನೆಯ ಬಗೆ.

ನನಗೆ ಇದು ಅರ್ಥವಾಗಿದ್ದು ಪೆಟ್ಟು ತಿಂದ ಮೇಲೆ. ನಾನು ಹಿಂದೆ ಕೆಲಸ ಮಾಡುತ್ತಿದ್ದ ಕಡೆ ಒಂದು ರಾತ್ರಿ ಒಂದು ಹೋಸ್ಟ್ ಸ್ತಬ್ಧವಾಯಿತು. ಹೈ ಅವೈಲಬಿಲಿಟಿ ಇದೆ, ಹೋಸ್ಟ್ ಬಿದ್ದರೆ ವಿಎಂಗಳು ತಾವಾಗಿ ಪಕ್ಕದ ಹೋಸ್ಟ್‌ನಲ್ಲಿ ಏಳುತ್ತವೆ ಅಂತ ಧೈರ್ಯವಾಗಿದ್ದೆ. ಎದ್ದವು ಕೂಡ. ಹತ್ತು ನಿಮಿಷಕ್ಕೆ ಆ ಹೋಸ್ಟೂ ಹೋಯಿತು, ಆಮೇಲೆ ಮೂರನೆಯದು. ಕಾಟ ಕೊಡುತ್ತಿದ್ದ ಒಂದೇ ಒಂದು ವಿಎಂ ಅನ್ನು ನಮ್ಮ ವ್ಯವಸ್ಥೆಯೇ ಕೈಹಿಡಿದು ಮನೆಯಿಂದ ಮನೆಗೆ ಕರೆದುಕೊಂಡು ಹೋಗುತ್ತಿತ್ತು. ತಪ್ಪಿಲ್ಲದ ವಿಎಂಗಳೆಲ್ಲ ಅದರ ಜೊತೆ ಮೂರು ಸಲ ಬಿದ್ದವು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತಾರಲ್ಲ, ಹಾಗೆ. ಪ್ಯಾಚ್ ಆಗಲೇ ಬಂದಿತ್ತು. ಮೀಡಿಯಂ ಅಂತ ನಾನೇ ಮುಂದಕ್ಕೆ ಹಾಕಿದ್ದೆ. ಅವತ್ತು ಫೋನ್ ಮಾಡಿದವರ ದನಿ ಇನ್ನೂ ಮರೆತಿಲ್ಲ.

ಹಾಗಾಗಿ ಹೋಸ್ಟ್ ಬೀಳಿಸುವ ದೋಷವಾಗಿದ್ದು, ಗೆಸ್ಟ್‌ಗಳ ರೂಟ್ ಬೇರೆಯವರ ಕೈಯಲ್ಲಿದ್ದರೆ, ಕಾಯಬೇಡಿ. ಒಂದು ಹೋಸ್ಟ್‌ನ ವಿಎಂಗಳನ್ನು ಲೈವ್ ಮೈಗ್ರೇಶನ್ ಮಾಡಿ, ಅಂದರೆ ಓಡುತ್ತಿರುವಾಗಲೇ ಬೇರೆ ಹೋಸ್ಟ್‌ಗೆ ಸಾಗಿಸಿ, ಆ ಹೋಸ್ಟನ್ನು ಖಾಲಿ ಮಾಡಿ, ಪ್ಯಾಚ್ ಹಾಕಿ, ರೀಬೂಟ್ ಮಾಡಿ, ಮುಂದಿನದಕ್ಕೆ ಹೋಗಿ. ರೀಬೂಟ್ ಮರೆತರೆ ಹಳೆ ಕರ್ನಲ್ಲೇ ಓಡುತ್ತಿರುತ್ತದೆ, ಇದು ತುಂಬಾ ಸಲ ಆಗುವ ತಪ್ಪು. ಎಲ್ಲ ಗೆಸ್ಟ್‌ಗಳೂ ನಿಮ್ಮವೇ ಆಗಿದ್ದು, ಒಳಗೆ ಓಡುವುದೂ ನಿಮ್ಮದೇ ಕೋಡ್ ಆಗಿದ್ದರೆ ಒಂದೆರಡು ವಾರ ಸಮಯ ತೆಗೆದುಕೊಳ್ಳಬಹುದು. ಅಷ್ಟರವರೆಗೆ, ಒಂದು ವಿಎಂ ತಾನಾಗಿ ಎಷ್ಟು ಸಲ ಬೇರೆ ಹೋಸ್ಟ್‌ನಲ್ಲಿ ಏಳಬಹುದು ಅನ್ನೋದಕ್ಕೆ ಮಿತಿ ಹಾಕಿಡಿ. ನಮ್ಮಲ್ಲಿ ಈಗ ಅದು ಒಂದು ಸಲ ಮಾತ್ರ. ಎರಡನೇ ಸಲಕ್ಕೆ ಯಾರಾದರೂ ಎದ್ದು ನೋಡಲೇಬೇಕು.