ಹಿತ್ತಲಲ್ಲಿ ಪೂಲ್: ಪಂಪ್ ಆಮೇಲೆ, ಮೊದಲು ನೆಲ ನೋಡಿ

18 ಅಡಿ ಅಗಲದ ಫ್ರೇಮ್ ಪೂಲ್ (ಕಬ್ಬಿಣದ ಕಾಲುಗಳ ಚೌಕಟ್ಟಿಗೆ ಪ್ಲಾಸ್ಟಿಕ್ ತೊಟ್ಟಿ ಕಟ್ಟಿ ನೆಲದ ಮೇಲೆ ನಿಲ್ಲಿಸುವ ಈಜುಕೊಳ). ಹಿತ್ತಲು "ಸ್ವಲ್ಪ" ಇಳಿಜಾರು. ತಗ್ಗಿರುವ ಕಡೆ ಮರಳು ತುಂಬಿ ಸಮ ಮಾಡಿದರೆ ಆಯಿತು. ಯಾವ ಪಂಪ್ ತಗೊಳ್ಳಲಿ, ಉಪ್ಪುನೀರಿನದು ಒಳ್ಳೆಯದಾ, ಕ್ಲೋರಿನ್ ಒಳ್ಳೆಯದಾ, ನಾಲ್ಕು ವರ್ಷದ ಮಗು ಈಜು ಕಲಿಯುತ್ತಾ? ನೀವು ಕೇಳಿದ್ದು ಇಷ್ಟು. ಓದಿ ನಗು ಬಂತು, ಜೊತೆಗೆ ಹೊಟ್ಟೆಯಲ್ಲಿ ಒಂಥರಾ ಸಂಕಟವೂ ಆಯಿತು. ಪಂಪ್ ವಿಷಯ ಬಿಡಿ. ನೀವು ಸುಮ್ನೆ ಹೇಳಿ ದಾಟಿ ಹೋದಿರಲ್ಲ, ಆ ಮರಳಿನ ಮಾತು, ನನ್ನ ಉತ್ತರ ಪೂರ್ತಿ ಅದರ ಬಗ್ಗೆಯೇ.

ನಾವಿರುವುದು ನಾರ್ತ್ ಕ್ಯಾರೊಲೈನಾದಲ್ಲಿ, ರಾಲೀಯಿಂದ ಸ್ವಲ್ಪ ಆಚೆ. ಸುತ್ತಮುತ್ತ ಲೇಔಟ್‌ಗಳಲ್ಲಿರುವ ಎಷ್ಟೋ ಜನ ಸ್ನೇಹಿತರಿಗೆ ಈ ತಾಪತ್ರಯವೇ ಇಲ್ಲ, ಅವರ ಎಚ್‌ಒಎ (ಲೇಔಟಿನ ಮನೆ ಮಾಲೀಕರ ಸಂಘ) ನೆಲದ ಮೇಲೆ ನಿಲ್ಲಿಸುವ ಪೂಲ್ ಕೂಡದು ಅನ್ನುತ್ತದೆ. ನಮಗೆ ಎಚ್‌ಒಎ ಇಲ್ಲ. ಅದನ್ನೇ ಭಾಗ್ಯ ಅಂದುಕೊಂಡಿದ್ದೆವು. (ನಿಮಗೆ ಇದ್ದರೆ ಮೊದಲು ಆ ಕಾಗದ ಓದಿ. ಇಲ್ಲದಿದ್ದರೂ ಊರಿನ ಪರ್ಮಿಟ್ ಆಫೀಸಿಗೆ ಒಂದು ಫೋನ್ ಮಾಡಿ. ಅಗೆಯುವ ಮುಂಚೆ 811ಕ್ಕೂ ಮಾಡಿ, ಗ್ಯಾಸ್ ಮತ್ತು ಕರೆಂಟ್ ಲೈನ್ ಎಲ್ಲಿದೆ ಅಂತ ಪುಕ್ಕಟೆ ಗುರುತು ಹಾಕಿಕೊಡುತ್ತಾರೆ. ಸೆಪ್ಟಿಕ್ ಟ್ಯಾಂಕಿನ ಮನೆಯಾದರೆ ಟ್ಯಾಂಕಿನ ನೀರು ಇಂಗುವ ಡ್ರೇನ್ ಫೀಲ್ಡ್ ಮೇಲೆ ಪೂಲ್ ಇಡುವ ಯೋಚನೆಯನ್ನೇ ಬಿಡಿ.)

ಅದು 2020ರ ಬೇಸಿಗೆ. ಊರಿನ ಪೂಲ್‌ಗಳೆಲ್ಲ ಬಂದ್. ಮಕ್ಕಳು ಮನೆಯಲ್ಲೇ. ಚಳಿಗಾಲದಲ್ಲಿ ಬಂದಿದ್ದ ಮಾವ ವಿಮಾನ ನಿಂತುಹೋಗಿ ಇಲ್ಲೇ ಸಿಕ್ಕಿಹಾಕಿಕೊಂಡಿದ್ದರು. ಅಂಗಡಿಗಳಲ್ಲಿ ಪೂಲ್ ಸಿಗುತ್ತಲೇ ಇರಲಿಲ್ಲ. ಒಂದು ದಿನ ನನ್ನ ಗಂಡ ಎಲ್ಲಿಂದಲೋ 18 ಅಡಿಯ ಡಬ್ಬ ಹೊತ್ತುಕೊಂಡು ಬಂದರು. ಡಬ್ಬದ ಮೇಲಿನ ಚಿತ್ರ ನೋಡಿದರೆ ಮಧ್ಯಾಹ್ನದೊಳಗೆ ಮುಗಿಸಿ ನೀರಿಗಿಳಿಯಬಹುದು ಅನ್ನಿಸುತ್ತೆ, ಅಲ್ವಾ?

ಮಾವ ತಿಪಟೂರಿನಲ್ಲಿ ಮನೆ ಕಟ್ಟಿಸುವಾಗ ದಿನವೂ ಮೇಸ್ತ್ರಿ ಪಕ್ಕ ನಿಂತು ನೋಡಿದವರು. ನಮ್ಮ ಹಿತ್ತಲು ನೋಡಿ ಪಾರದರ್ಶಕ ಪೈಪ್ ಒಂದು ತರಿಸಿದರು. ಅದರಲ್ಲಿ ನೀರು ತುಂಬಿ, ಒಂದು ತುದಿ ನನ್ನ ಕೈಗೆ ಕೊಟ್ಟು, ಇನ್ನೊಂದು ತುದಿ ಹಿಡಿದುಕೊಂಡು ಬೇಲಿ ಕಡೆ ನಡೆದರು. ಪೈಪಿನ ಎರಡು ತುದಿಯಲ್ಲೂ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದಲ್ಲ, ಆ ಮಟ್ಟಕ್ಕೆ ಎರಡೂ ಕಡೆ ಗೂಟಕ್ಕೆ ಗುರುತು ಹಾಕಿ ಅಲ್ಲಿಂದ ನೆಲದವರೆಗೆ ಅಳೆದರೆ 18 ಅಡಿಯಲ್ಲಿ 7 ಇಂಚು ಇಳಿಜಾರು! ಕಣ್ಣಿಗೆ ಅದು ಬರೀ "ಸ್ವಲ್ಪ". ನಿಮ್ಮದನ್ನೂ ಹೀಗೇ ಅಳೆಯಿರಿ. ಎರಡಡಿ ಉದ್ದದ ರಸಮಟ್ಟ ಇಟ್ಟು ನೋಡಿ ನಂಬಬೇಡಿ, ಅದು ಎರಡಡಿಯ ಸತ್ಯ ಮಾತ್ರ ಹೇಳುತ್ತದೆ.

"ಎತ್ತರ ಇರೋ ಕಡೆ ಅಗೀರಿ. ತುಂಬಿದ ಮಣ್ಣಿನ ಮೇಲೆ ಭಾರ ಹಾಕಬಾರದಮ್ಮ. ಅದು ಒಂದು ಮಳೆಗಾಲನಾದ್ರೂ ಕೂರಬೇಕು" ಅಂದರು ಮಾವ.

ನಮ್ಮ ಕಡೆಯದು ಕೆಂಪು ಜೇಡಿ ಮಣ್ಣು. ಬೇಸಿಗೆಯಲ್ಲಿ ಗುದ್ದಲಿ ಹಾಕಿದರೆ ಠಣ್ ಅನ್ನುತ್ತದೆ. ಎರಡು ಕಡೆ ಅಗೆದು ನೋಡಿದೆವು, ಬೆವರು ಸುರಿಯಿತು, ಸನಿಕೆ ಬಿಸಾಕಿದೆವು. ಅಗೆಯುವ ಬದಲು ತಗ್ಗಿಗೆ ತುಂಬೋಣ ಅಂದವಳು ನಾನೇ. ಮಣ್ಣು ತರಿಸಿದೆವು, ಅದರ ಮೇಲೆ ಮರಳು ಹರಡಿದೆವು, ಬಾಡಿಗೆ ರೋಲರ್ ಓಡಿಸಿದೆವು. ನೋಡೋಕೆ ಕೇರಂ ಬೋರ್ಡ್ ಥರ ಸಮವಾಗಿತ್ತು. ಮಾವ ಆಮೇಲೆ ಒಂದು ಮಾತೂ ಆಡಲಿಲ್ಲ, ಒಳಗೆ ಹೋಗಿ ಪೇಪರ್ ಓದುತ್ತಾ ಕೂತರು.

ಇದು ಯಾಕೆ ತಪ್ಪು ಅಂತ ಬಿಡಿಸಿ ಹೇಳುತ್ತೇನೆ. ಉದ್ದ ಆಗುತ್ತದೆ, ಆದರೂ ಓದಿ.

18 ಅಡಿ ಪೂಲ್‌ಗೆ ಮೂರೂವರೆ ಅಡಿ ನೀರು ನಿಲ್ಲಿಸಿದರೆ ಸುಮಾರು 6,600 ಗ್ಯಾಲನ್. ಅಂದರೆ 25 ಸಾವಿರ ಲೀಟರ್, ಅಂದರೆ 25 ಟನ್. ಬೆಂಗಳೂರಿನ 6,000 ಲೀಟರ್ ಟ್ಯಾಂಕರ್ ನಾಲ್ಕು ಖಾಲಿ ಮಾಡಿದರೂ ಪೂರ್ತಿ ತುಂಬಲ್ಲ. ಚದರ ಅಡಿಗೆ ಹೆಚ್ಚುಕಡಿಮೆ 100 ಕಿಲೋ ಭಾರ, ಹಗಲೂ ರಾತ್ರಿ, ತಿಂಗಳುಗಟ್ಟಲೆ. ಮುಟ್ಟದ ನೆಲ ಇದನ್ನು ತಡೆದುಕೊಳ್ಳುತ್ತದೆ, ಯಾಕಂದ್ರೆ ಅದು ಎಷ್ಟೋ ವರ್ಷದಿಂದ ಕೂತು ಗಟ್ಟಿಯಾದ ಮಣ್ಣು. ನೀವು ಸುರಿದ ಮಣ್ಣಿನೊಳಗೆ ಗಾಳಿ ಇರುತ್ತದೆ. ತೆಳುವಾಗಿ ಹರಡಿ, ನೀರು ಚಿಮುಕಿಸಿ, ದಮ್ಮಸು ಹಾಕಿ, ಮತ್ತೆ ಹರಡಿ ಮಾಡಿದ್ದರೆ ಬೇರೆ ಮಾತು. ಒಂದೇ ಸಲ ಸುರಿದು ಮೇಲೆ ರೋಲರ್ ಓಡಿಸಿದರೆ ಮೇಲಿನ ಪದರ ಮಾತ್ರ ಗಟ್ಟಿ, ಒಳಗೆಲ್ಲ ಪೊಳ್ಳು. ಮರಳು ಇನ್ನೂ ಮೋಸ. ಅಂಚಿಗೆ ತಡೆ ಇಲ್ಲದಿದ್ದರೆ ಒಂದು ಜೋರು ಮಳೆಗೆ ಜಾರಿಕೊಂಡು ಹೋಗುತ್ತದೆ. ಪೂಲ್ ಸುತ್ತ ಚೆಲ್ಲುವ ನೀರು ಬೇರೆ ಅಲ್ಲೇ ಇಂಗುತ್ತದೆ.

ಈಗ ತುಂಬಿದ ಕಡೆ ಎರಡು ಇಂಚು ಕುಸಿಯಿತು ಅನ್ನಿ. ನೀರಿನ ಮೇಲ್ಮೈ ವಾಲಲ್ಲ, ಅದು ಯಾವಾಗಲೂ ಮಟ್ಟವೇ. ವಾಲುವುದು ಪೂಲ್. ಕುಸಿದ ಕಡೆ ನೀರಿನ ಆಳ ಜಾಸ್ತಿ, ಒತ್ತಡ ಜಾಸ್ತಿ, ಭಾರವೂ ಜಾಸ್ತಿ. ಅದಕ್ಕೇ ಆ ಕಡೆ ಇನ್ನೂ ಕುಸಿಯುತ್ತದೆ. ಫ್ರೇಮಿನ ಕಾಲುಗಳು ನೆಟ್ಟಗಿರುವವರೆಗೆ ಎಲ್ಲವೂ ಒಂದನ್ನೊಂದು ಹಿಡಿದುಕೊಂಡಿರುತ್ತವೆ. ಒಂದು ಕಾಲು ಹೊರಗೆ ವಾಲಿತೋ, ಮೇಲಿನ ಜಾಯಿಂಟ್ ತಿರುಚಿಕೊಳ್ಳುತ್ತದೆ, ಪಕ್ಕದ ಕಾಲಿನ ಮೇಲೂ ಎಳೆತ ಬೀಳುತ್ತದೆ. ಕುಸಿತ ಅಲ್ಲಿಗೆ ನಿಲ್ಲಲ್ಲ.

ಇದು ನಮಗೆ ನೀರು ತುಂಬುವಾಗಲೇ ಗೊತ್ತಾಗಿತ್ತು. ತೋಟದ ಪೈಪಿನಲ್ಲಿ ನಿಮಿಷಕ್ಕೆ ಎಂಟೊಂಬತ್ತು ಗ್ಯಾಲನ್ ಬರುತ್ತದೆ, ತುಂಬಲು ಅರ್ಧ ದಿನ ಬೇಕು. ಅರ್ಧ ತುಂಬಿದಾಗ ಟೇಪ್ ಹಿಡಿದು ಮೇಲಿನ ಪೈಪಿನಿಂದ ನೀರಿನವರೆಗೆ ಅಳೆದೆ. ಮನೆ ಕಡೆ 26 ಇಂಚು, ಮಣ್ಣು ತುಂಬಿದ್ದ ಬೇಲಿ ಕಡೆ 24. ಅಂದರೆ ಬೇಲಿ ಕಡೆ ಆಗಲೇ ಎರಡು ಇಂಚು ಕುಸಿದಿತ್ತು. ನೀರೆಲ್ಲ ಚೆಲ್ಲಿ ಮತ್ತೆ ಶುರು ಮಾಡಬೇಕಾ ಅಂತ ಗಂಡನ ಮುಖ ನೋಡಿದೆ. ಅವರು ನೀರಿನ ಬಿಲ್ ನೆನೆಸಿಕೊಂಡರು. ಮಕ್ಕಳು ಆಗಲೇ ಈಜುಡುಗೆ ಹಾಕಿಕೊಂಡು ನಿಂತಿದ್ದರು.

ಜುಲೈ ಕಳೆಯುವ ಹೊತ್ತಿಗೆ ಒಂದರ ಹಿಂದೆ ಒಂದು ಗುಡುಗು ಮಳೆ. ಒಂದು ಸಂಜೆ ಎಲ್ಲರೂ ಒಳಗೆ ಊಟಕ್ಕೆ ಕೂತಿದ್ದೆವು. ಕಬ್ಬಿಣ ತಿರುಚಿದ ಸದ್ದು, ಹಿಂದೆಯೇ ಒಂದು ದೊಡ್ಡ ಧಬ್. ಕಿಟಕಿಯಿಂದ ನೋಡುವಷ್ಟರಲ್ಲಿ ಪೂಲ್ ಮಕಾಡೆ ಮಲಗಿತ್ತು. ಬೇಲಿಯ ಎರಡು ಹಲಗೆ ಕಿತ್ತುಕೊಂಡು ನೀರು ಪಕ್ಕದ ಮನೆಯವರ ಟೊಮೆಟೊ ಮಡಿ ದಾಟಿ ಅವರ ಮನೆ ಅಡಿಯ ಕ್ರಾಲ್ ಸ್ಪೇಸ್‌ಗೆ ನುಗ್ಗಿತ್ತು. ಬೇಲಿ ಕಡೆಯ ಕಾಲಿನ ಕೆಳಗೆ ಇಟ್ಟಿದ್ದ ಕಾಂಕ್ರೀಟ್ ಚಪ್ಪಡಿ ಒಂದೇ ಪಕ್ಕಕ್ಕೆ ಮಣ್ಣಿನೊಳಗೆ ಇಳಿದಿತ್ತು. ಇನ್ನೊಂದು ಪಕ್ಕದ ಅಡಿಯಲ್ಲಿ ಅಂಗೈ ತೂರುವಷ್ಟು ಸಂದು. ಹತ್ತು ನಿಮಿಷ ಮುಂಚೆ ದೊಡ್ಡವಳು ಸರಿಯಾಗಿ ಆ ಜಾಗದಲ್ಲೇ ಗೋಡೆಗೆ ಒರಗಿ ನಿಂತಿದ್ದಳು.

ನೆರೆಯವರ ಕ್ರಾಲ್ ಸ್ಪೇಸ್ ಒಣಗಿಸಿದ ಖರ್ಚು ಪೂಲ್ ಬೆಲೆಗಿಂತ ಜಾಸ್ತಿ ಆಯಿತು. ಇನ್ಶೂರೆನ್ಸ್‌ನವರು ಕೈ ಎತ್ತಿದರು. ನೆರೆಯವರು ಒಳ್ಳೆಯವರು, ಆದರೂ ಆ ವರ್ಷ ಟೊಮೆಟೊ ಕೊಡಲಿಲ್ಲ.

ಮುಂದಿನ ವರ್ಷ ಮಾವನ ಮಾತಿನಂತೆಯೇ ಮಾಡಿದೆವು. ಅವರು ಅಷ್ಟು ಹೊತ್ತಿಗೆ ತಿಪಟೂರು ಸೇರಿದ್ದರು, ವಿಡಿಯೋ ಕಾಲ್‌ನಲ್ಲಿ ಮೇಲ್ವಿಚಾರಣೆ. 18 ಅಡಿ ಬಿಟ್ಟು 15 ಅಡಿಯ ಪೂಲ್ ತಗೊಂಡೆವು. ಇದು ನಿಮಗೂ ಹೇಳುವ ಮಾತು: ಇಳಿಜಾರು ಜಾಗದಲ್ಲಿ ಅಗಲ ಕಮ್ಮಿಯಾದಷ್ಟೂ ಅಗೆತ ಕಮ್ಮಿ, ಇಬ್ಬರು ಮಕ್ಕಳಿಗೆ 15 ಅಡಿ ಧಾರಾಳ. ಪೂಲಿಗಿಂತ ಸುತ್ತಲೂ ಒಂದೊಂದು ಅಡಿ ಜಾಸ್ತಿ ಹುಲ್ಲು ಕಿತ್ತೆವು. ಅತಿ ತಗ್ಗಿನ ಜಾಗವನ್ನು ಮುಟ್ಟದೆ ಬಿಟ್ಟು, ಉಳಿದದ್ದನ್ನೆಲ್ಲ ಆ ಮಟ್ಟಕ್ಕೆ ಇಳಿಸಿದೆವು. ಮಳೆ ಬಿದ್ದು ಮಣ್ಣು ಮೆತ್ತಗಾದ ಏಪ್ರಿಲ್‌ನಲ್ಲಿ ಮಾಡಿದ್ದಕ್ಕೆ ಗುದ್ದಲಿ ಇಳಿಯಿತು. ಪ್ರತಿ ಕಾಲಿನ ಕೆಳಗೆ 16 ಇಂಚಿನ ಚಪ್ಪಡಿ, ನೆಲದ ಮಟ್ಟಕ್ಕೆ ಹೂತು, ಎಲ್ಲವೂ ಒಂದಕ್ಕೊಂದು ಸಮ. ಮರಳು ಹಾಕಿದ್ದು ಒಂದೇ ಇಂಚು, ಕಲ್ಲು ಚುಚ್ಚದಿರಲಿ ಅಂತ. ಕೊನ್ನಾರಿ ಹುಲ್ಲಿದ್ದರೆ ಗೆಡ್ಡೆ ಸಮೇತ ತೆಗೆಯಿರಿ, ಅದರ ಮೊಳಕೆ ಲೈನರ್ (ನೀರು ಹಿಡಿಯುವ ಪ್ಲಾಸ್ಟಿಕ್ ಹಾಳೆ) ತೂತು ಮಾಡಿಕೊಂಡು ಬರುತ್ತದೆ. ನೀರು ಅರ್ಧ ಅಡಿ ತುಂಬಿದಾಗ ನಿಲ್ಲಿಸಿ ಸುತ್ತಲೂ ಟೇಪ್ ಹಿಡಿಯಿರಿ. ಒಂದು ಇಂಚಿಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಖಾಲಿ ಮಾಡಿ. ಆಗ ಹೋಗುವುದು ಸಾವಿರ ಗ್ಯಾಲನ್ ಮಾತ್ರ.

ನೀರು ನೋಡಿಕೊಳ್ಳುವುದು ಇದರ ಮುಂದೆ ಏನೂ ಅಲ್ಲ. ಪಿಎಚ್ 7.2ರಿಂದ 7.8ರೊಳಗೆ ಇರಲಿ. ಕ್ಲೋರಿನ್ ದಿನವೂ ನೋಡಿ. ಬಿಸಿಲಿಗೆ ಅದು ಬೇಗ ಹಾಳಾಗುತ್ತದೆ, ಅದಕ್ಕೇ ಕ್ಲೋರಿನ್ನನ್ನು ಬಿಸಿಲಿನಿಂದ ಕಾಪಾಡುವ ಸ್ಟೆಬಿಲೈಸರ್ 30ರಿಂದ 50 ಪಿಪಿಎಂ (ಹತ್ತು ಲಕ್ಷ ಭಾಗ ನೀರಿಗೆ ಅಷ್ಟು ಭಾಗ) ಬೇಕು. ಪಟ್ಟಿ ಅದ್ದಿ ನೋಡುವ ಟೆಸ್ಟ್ ನನಗೆ ಇಷ್ಟವಿಲ್ಲ, ಹನಿ ಹಾಕುವ ಕಿಟ್ ತಗೊಳ್ಳಿ. ಎಲ್ಲರೂ ತೇಲುವ ಡಬ್ಬಿಯಲ್ಲಿ ಟ್ಯಾಬ್ಲೆಟ್ ಹಾಕಿ ಮರೆತುಬಿಡಿ ಅನ್ನುತ್ತಾರೆ. ಆ ಟ್ಯಾಬ್ಲೆಟ್ಟಿನಲ್ಲೇ ಸ್ಟೆಬಿಲೈಸರ್ ಇರುತ್ತದೆ. ನಿಮ್ಮ ಅಳತೆಯ ಪೂಲ್‌ಗೆ 3 ಇಂಚಿನ ಟ್ಯಾಬ್ಲೆಟ್ ಒಂದು ಕರಗಿದರೆ ಸುಮಾರು 5 ಪಿಪಿಎಂ ಏರುತ್ತದೆ, ನೀರು ಚೆಲ್ಲದೆ ಇಳಿಯಲ್ಲ. ಆಗಸ್ಟ್ ಹೊತ್ತಿಗೆ ಸ್ಟೆಬಿಲೈಸರ್ 100ರ ಹತ್ತಿರ ಹೋಗಿ, ಕ್ಲೋರಿನ್ನಿನ ಶಕ್ತಿ ಕುಗ್ಗಿ, ಕ್ಲೋರಿನ್ ಇದ್ದೂ ನೀರು ಹಸಿರಾಗುತ್ತದೆ. 2021ರಲ್ಲಿ ಟ್ಯಾಬ್ಲೆಟ್ ಅಭಾವ ಬಂದಾಗ ನಾನು ಲಿಕ್ವಿಡ್ ಕ್ಲೋರಿನ್‌ಗೆ ಬದಲಾದವಳು ವಾಪಸ್ ಹೋಗಲಿಲ್ಲ. 10 ಪರ್ಸೆಂಟಿನದು ಅರ್ಧ ಲೀಟರ್, ಸಂಜೆ, ಪಂಪ್ ಓಡುವಾಗ. ನಿಮ್ಮ 18 ಅಡಿಯದಕ್ಕೆ 2 ಪಿಪಿಎಂ ಬರುತ್ತದೆ. ಟ್ಯಾಬ್ಲೆಟ್ಟನ್ನೂ ಪುಡಿ ಕ್ಲೋರಿನ್ನನ್ನೂ ಒಂದೇ ಡಬ್ಬಿಯಲ್ಲಿ ಅಥವಾ ಒಂದೇ ಚಮಚದಲ್ಲಿ ಬೆರೆಸಬೇಡಿ. ಬೆಂಕಿ ಹತ್ತುತ್ತದೆ, ಸಿಡಿಯಲೂಬಹುದು.

ಮಗು ಈಜು ಕಲಿಯುವ ಮಾತು. ಇಲ್ಲ, ಇದರಲ್ಲಿ ಕಲಿಯಲ್ಲ. ಇದು ನೀರಾಟಕ್ಕೆ. ಈಜು ಕ್ಲಾಸಿಗೆ ವೈಎಂಸಿಎಗೆ ಹಾಕಿ. ಅಮೆರಿಕದಲ್ಲಿ 1ರಿಂದ 4 ವರ್ಷದ ಮಕ್ಕಳ ಸಾವಿಗೆ ಮೊದಲ ಕಾರಣವೇ ನೀರಲ್ಲಿ ಮುಳುಗುವುದು, ನಿಮ್ಮ ಚಿಕ್ಕದು ಸರಿಯಾಗಿ ಆ ವಯಸ್ಸಿನದು. ನಾಲ್ಕಡಿ ಬೇಲಿ, ತಾನಾಗಿ ಮುಚ್ಚಿ ಚಿಲಕ ಬೀಳುವ ಗೇಟು, ಆಟ ಮುಗಿದ ತಕ್ಷಣ ಏಣಿ ತೆಗೆದು ಗ್ಯಾರೇಜಿಗೆ. ಸೆಕೆಂಡ್ ಹ್ಯಾಂಡ್ ಪೂಲ್ ನೋಡುತ್ತಿದ್ದರೆ ಇನ್ನೊಂದು ವಿಷಯ: 2025ರ ಜುಲೈನಲ್ಲಿ 48 ಇಂಚು ಮತ್ತು ಅದಕ್ಕಿಂತ ಎತ್ತರದ ಸುಮಾರು 50 ಲಕ್ಷ ಪೂಲ್‌ಗಳನ್ನು ರೀಕಾಲ್ ಮಾಡಿದರು. ಕಾಲುಗಳ ಹೊರಗೆ ಸುತ್ತುವ ಪಟ್ಟಿಯ ಮೇಲೆ ಪುಟ್ಟ ಮಕ್ಕಳು ಕಾಲಿಟ್ಟು ಹತ್ತಿಬಿಡಬಹುದು ಅಂತ. 2007ರಿಂದ 2022ರೊಳಗೆ ಒಂಬತ್ತು ಮಕ್ಕಳು ಹಾಗೆ ಹತ್ತಿ ಮುಳುಗಿರಬಹುದು ಅಂತ ಆ ನೋಟಿಸಿನಲ್ಲೇ ಇದೆ. ಮಾಡೆಲ್ ನಂಬರ್ ಹಾಕಿ ನೋಡಿ ತಗೊಳ್ಳಿ.

ಉಪ್ಪುನೀರಿನ ಪೂಲ್ ಅಂದರೂ ಕ್ಲೋರಿನ್ ಪೂಲೇ. ಆ ಯಂತ್ರ ಉಪ್ಪಿನಿಂದ ಕ್ಲೋರಿನ್ ಮಾಡುತ್ತದೆ, ಅಷ್ಟೇ. ಕಬ್ಬಿಣದ ಫ್ರೇಮಿಗೆ ತುಕ್ಕು ಬೇರೆ. ನಾನಾದರೆ ಬೇಡ ಅನ್ನುತ್ತೇನೆ. ಪಂಪನ್ನು ಜಿಎಫ್‌ಸಿಐ (ಕರೆಂಟ್ ಸೋರಿದರೆ ತಕ್ಷಣ ಕಡಿದುಬಿಡುವ ಸಾಧನ) ಇರುವ ಹೊರಗಿನ ಪ್ಲಗ್‌ಗೇ ಹಾಕಿ, ಎಕ್ಸ್‌ಟೆನ್ಷನ್ ವೈರ್ ಎಳೆಯಬೇಡಿ. ಡಬ್ಬದ ಜೊತೆ ಬರುವ, ಬದಲಿಸುವ ಫಿಲ್ಟರಿನ ಕಾರ್ಟ್ರಿಜ್ ಪಂಪಿಗೆ ಶಕ್ತಿ ಸಾಲದು, ಆದರೂ ಈ ವರ್ಷ ಅದರಲ್ಲೇ ನಡೆಸಿ. ಮರಳಿನಲ್ಲಿ ನೀರು ಸೋಸುವ ಸ್ಯಾಂಡ್ ಫಿಲ್ಟರ್ ಮುಂದಿನ ಬೇಸಿಗೆಗೆ ತಗೊಂಡರಾಯಿತು, ಅಲ್ಲಿಯವರೆಗೆ ಪೂಲ್ ನೆಟ್ಟಗೆ ನಿಂತಿದ್ದರೆ.